ಬಾರ್ಡರ್‌ಲೈನ್‌ನಲ್ಲಿ ನಿಂತ ಕಾಲು

ಎರಡು ವರ್ಷದ ಹಿಂದೆ, ಹೈಟೆಕ್ ಸಿಟಿಯ ನಮ್ಮ ಆಫೀಸಿನಲ್ಲಿ ಆರೋಗ್ಯ ತಪಾಸಣೆ ನಡೆಯಿತು. ನನ್ನ ಎಚ್‌ಬಿಎ1ಸಿ 6.1 ಬಂತು. "ಬಾರ್ಡರ್‌ಲೈನ್ ಅಷ್ಟೇ, ಸ್ವಲ್ಪ ಹುಷಾರಾಗಿರಿ" ಅಂದರು ಡಾಕ್ಟರು. ರಾಯಚೂರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. "ಇನ್ನಾ ಗಡಿ ಮ್ಯಾಲೇ ಅದಲ್ಲಪ, ಚಿಂತಿ ಮಾಡಬ್ಯಾಡ" ಅಂದಳು. ನಾನೂ ಮಾಡಲಿಲ್ಲ. ರಿಪೋರ್ಟು ಇನ್‌ಬಾಕ್ಸಿನಲ್ಲೇ ಉಳಿಯಿತು. ಸಂಜೆಯ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತೂ ಉಳಿದವು.

ಕಳೆದ ತಿಂಗಳು ಅಂಗಾಲಿನ ಆಣಿ ತೋರಿಸಲು ಪಾದದ ಡಾಕ್ಟರ ಬಳಿ ಹೋದೆ. ಅವರು ಕಣ್ಣು ಮುಚ್ಚಲು ಹೇಳಿ, ಸಣ್ಣ ನೈಲಾನ್ ಎಳೆಯೊಂದನ್ನು ಪಾದದ ಅಲ್ಲಲ್ಲಿ ಬಾಗುವಷ್ಟು ಒತ್ತಿದರು. ಅದು ಬಾಗುವಾಗ ಬೀಳುವ ಭಾರ ಬರೀ 10 ಗ್ರಾಂ. ಮುಟ್ಟಿದಾಗಲೆಲ್ಲ "ಹೂಂ" ಅನ್ನಬೇಕು. ಎಲ್ಲ ಕಡೆಯೂ ಅಂದೆ ಅಂದುಕೊಂಡಿದ್ದೆ. ಹೆಬ್ಬೆರಳಿನಡಿ ಎರಡು ಸಲ ಮುಟ್ಟಿದ್ದು ನನಗೆ ಗೊತ್ತೇ ಆಗಿರಲಿಲ್ಲ.

"6.1 ಬಂದ ಮೇಲೆ ಮತ್ತೆ ಯಾವಾಗ ರಕ್ತ ಪರೀಕ್ಷೆ ಮಾಡಿಸಿದಿರಿ?" ಎಂದು ಕೇಳಿದರು. ಉತ್ತರವಿರಲಿಲ್ಲ. ಬಿ12 ಕಡಿಮೆಯಾದರೂ ಹೀಗಾಗುತ್ತದೆಂದು ಅದನ್ನೂ ಬರೆದುಕೊಟ್ಟರು. ಬಿ12 ಸರಿಯಿತ್ತು. ಎಚ್‌ಬಿಎ1ಸಿ 6.4 ಆಗಿತ್ತು. 5.7ರಿಂದ 6.4ರವರೆಗೆ ಬಾರ್ಡರ್‌ಲೈನ್, 6.5 ಆದರೆ ಮಧುಮೇಹ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ನನ್ನಂಥ ಬಾರ್ಡರ್‌ಲೈನ್‌ನವರು 13.6 ಕೋಟಿ. ಮಧುಮೇಹಿಗೆ ಮಾತ್ರೆ, ಫೈಲು, ಮುಂದಿನ ತಾರೀಖು ಇರುತ್ತವೆ. ನಮಗೆ ಬರೀ ಒಂದು ಎಚ್ಚರಿಕೆ. ಯಾರ ಹೆಸರಿಗೂ ಹಾಕದ ಟಿಕೆಟ್ಟನ್ನು ಯಾರೂ ಮುಗಿಸುವುದಿಲ್ಲ ಎನ್ನುವುದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಆದರೆ ಕೆಲವರಿಗೆ ಈ ಹಂತದಲ್ಲೇ ಪಾದದ ನರಗಳು ಮಂಕಾಗಲು ಶುರುವಾಗುತ್ತವೆ. ನೋವೇ ಇಲ್ಲದ ಗಾಯವನ್ನು ಯಾರು ತಾನೆ ನೋಡುತ್ತಾರೆ?

ಸಮಾಧಾನದ ವಿಷಯವೂ ಇದೆ. ತೂಕವನ್ನು ಶೇ. 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟವರಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತೆಂದು 2002ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮವರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಇಳಿಕೆ ಸುಮಾರು ಶೇ. 28. ಅದೇನೂ ಕಡಿಮೆಯಲ್ಲ.

ಆ ಕ್ಲಿನಿಕ್ಕಿನ ಸಿಸ್ಟರ್ ನನ್ನ ನಂಬರು ಬರೆದುಕೊಂಡಿದ್ದರು. ಮೊನ್ನೆ ಫೋನ್ ಮಾಡಿ, "ವಾಕಿಂಗ್ ಹೋಗ್ತಿದ್ದೀರಾ? ಕಾಲು ನೋಡ್ಕೊಳ್ತಿದ್ದೀರಾ?" ಎಂದು ತೆಲುಗಿನಲ್ಲಿ ಕೇಳಿದರು. ಎರಡೇ ನಿಮಿಷದ ಮಾತು. ಅವತ್ತು ಸಂಜೆ ಬಿಸ್ಕತ್ತು ಬಿಟ್ಟು ನಡೆಯಲು ಹೋದೆ.

ನಿಮ್ಮ ಹಳೆಯ ರಿಪೋರ್ಟೂ ಇನ್‌ಬಾಕ್ಸಿನಲ್ಲಿ ಎಲ್ಲೋ ಇರಬಹುದು. ಇವತ್ತೇ ಹುಡುಕಿ. ಬಾರ್ಡರ್‌ಲೈನ್ ಅಂತ ಇದ್ದರೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿ, ಪಾದವನ್ನೂ ತೋರಿಸಿ. ರಾತ್ರಿ ಮಲಗುವ ಮುಂಚೆ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ನಿಮಗೆ ಫೋನ್ ಮಾಡಿ ಕೇಳುವವರು ಇಲ್ಲದಿದ್ದರೆ, ಮುಂದಿನ ತಾರೀಖನ್ನು ನೀವೇ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ.