ಪಾಸ್‌ಪೋರ್ಟ್‌ನ ಒಂದು ಅಕ್ಷರ: ವಿದೇಶದಲ್ಲಿ ಓದಲು ಹೊರಟ ಟ್ರಾನ್ಸ್‌ಜೆಂಡರ್ ಯುವಜನರ ಲೆಕ್ಕ ತಪ್ಪಿದ್ದೆಲ್ಲಿ?

ಅಮೆರಿಕ ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿಯಲ್ಲಿ ಲಿಂಗದ ಅಂಕಣಕ್ಕೆ ಎರಡೇ ಆಯ್ಕೆ: ಗಂಡು ಅಥವಾ ಹೆಣ್ಣು. ಭಾರತದ ಪಾಸ್‌ಪೋರ್ಟ್ ಅರ್ಜಿಯಲ್ಲಿ ಮೂರನೆಯದೂ ಇದೆ, ಟ್ರಾನ್ಸ್‌ಜೆಂಡರ್. ಎರಡು ಅರ್ಜಿಗಳ ನಡುವಿನ ಈ ಅಂತರ ಹೊಸದೇನಲ್ಲ. ಇಷ್ಟು ವರ್ಷ ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದನ್ನೇ ನೋಡಿ ಬರೆದರೆ ಹೆಚ್ಚಿನವರ ಕೆಲಸ ಆಗುತ್ತಿತ್ತು. 2025ರಲ್ಲಿ ಆ ಭರವಸೆ ಕುಸಿದಿದೆ.

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಆದೇಶವೊಂದು ಅಮೆರಿಕ ಸರ್ಕಾರ ಗುರುತಿಸುವುದು ಗಂಡು, ಹೆಣ್ಣು ಎಂಬ ಎರಡೇ ಲಿಂಗಗಳನ್ನು, ಅದೂ ಹುಟ್ಟಿನ ಆಧಾರದ ಮೇಲೆ ಎಂದು ಹೇಳಿತು. ಪಾಸ್‌ಪೋರ್ಟ್‌ ಮಾತ್ರವಲ್ಲ, ವೀಸಾ ಕೂಡ ಇದರ ವ್ಯಾಪ್ತಿಗೆ ಬರುತ್ತದೆ. ಫೆಬ್ರವರಿಯಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ ತನ್ನ ಕಚೇರಿಗಳಿಗೆ ಕಳುಹಿಸಿದ ಸೂಚನೆಯ ಗುರಿ ಟ್ರಾನ್ಸ್‌ಜೆಂಡರ್ ಕ್ರೀಡಾಪಟುಗಳು ಎಂದು ವರದಿಯಾಯಿತು. ಆದರೆ ಹುಟ್ಟಿನ ಲಿಂಗವನ್ನು ತಪ್ಪಾಗಿ ಹೇಳಿದರೆ ಅದನ್ನು ವಂಚನೆ ಎಂದು ಪರಿಗಣಿಸಿ ಶಾಶ್ವತವಾಗಿ ಪ್ರವೇಶ ನಿರ್ಬಂಧಿಸಬಹುದು ಎಂಬ ಅದರ ಒಕ್ಕಣೆ ಕ್ರೀಡಾಂಗಣದ ಹೊರಗಿನವರನ್ನೂ ಬೆಚ್ಚಿಬೀಳಿಸಿತು.

ಡೊಂಬಿವಲಿಯಲ್ಲೋ ಪಿಂಪ್ರಿಯಲ್ಲೋ ನೆಲೆಸಿದ ಕನ್ನಡ ಕುಟುಂಬವೊಂದರ 22 ವರ್ಷದ ಮಗಳನ್ನು ಊಹಿಸಿಕೊಳ್ಳಿ. ಹುಟ್ಟಿದಾಗ ಗಂಡು ಎಂದು ಬರೆಸಿದ್ದರು. ಶಸ್ತ್ರಚಿಕಿತ್ಸೆಯ ನಂತರ ಕಾನೂನಿನಂತೆಯೇ ಜಿಲ್ಲಾಧಿಕಾರಿಯಿಂದ ಪ್ರಮಾಣಪತ್ರ ಪಡೆದು, ಪಾಸ್‌ಪೋರ್ಟ್‌ನಲ್ಲಿ ಹೆಣ್ಣು ಎಂದು ಬದಲಿಸಿಕೊಂಡಿದ್ದಾಳೆ. ಈಗ ವೀಸಾ ಅರ್ಜಿಯಲ್ಲಿ ಹೆಣ್ಣು ಎಂದು ತುಂಬಿದರೆ ಅದು ತಪ್ಪು ಮಾಹಿತಿ ಎನ್ನಿಸಿಕೊಳ್ಳುವ ಅಪಾಯವಿದೆ. ಗಂಡು ಎಂದು ತುಂಬಿದರೆ ಕೈಯಲ್ಲಿರುವ ಪಾಸ್‌ಪೋರ್ಟ್‌ಗೂ ಅರ್ಜಿಗೂ ತಾಳೆಯಾಗದು. ಒಂದು ದೇಶದ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದ್ದೇ ಇನ್ನೊಂದು ದೇಶದ ಕಿಟಕಿಯಲ್ಲಿ ಅನುಮಾನಕ್ಕೆ ಕಾರಣವಾಗುವ ವಿಚಿತ್ರ ಸ್ಥಿತಿ ಇದು.

2025ರ ನವೆಂಬರ್ 6ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹೊರಡಿಸಿದ ಮಧ್ಯಂತರ ಆದೇಶದ ಬಗ್ಗೆ ಗೊಂದಲ ಸಾಕಷ್ಟಿದೆ. ಅದು ಅಮೆರಿಕ ಪ್ರಜೆಗಳ ಪಾಸ್‌ಪೋರ್ಟ್‌ಗೆ ಸಂಬಂಧಿಸಿದ್ದು. ಮೊಕದ್ದಮೆ ಮುಗಿಯುವವರೆಗೆ ಟ್ರಂಪ್ ಸರ್ಕಾರದ ನೀತಿ ಜಾರಿಯಲ್ಲಿರಲು ಅದು ಅವಕಾಶ ಕೊಟ್ಟಿತು. ವಿದೇಶಿ ವಿದ್ಯಾರ್ಥಿಗಳ ವೀಸಾ ಬಗ್ಗೆ ನೇರವಾಗಿ ಏನನ್ನೂ ಹೇಳಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನಂತೂ ತೋರಿಸಿತು.

ಇಲ್ಲೇ ಶುರುವಾಗುವ ಓಡಾಟ

ವಿದೇಶದ ಕಿಟಕಿಯವರೆಗೆ ತಲುಪುವುದೇ ದೊಡ್ಡ ಸಾಹಸ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತನ್ನ ಲಿಂಗತ್ವ ಯಾವುದೆಂದು ವ್ಯಕ್ತಿಯೇ ನಿರ್ಧರಿಸಬಹುದು ಎಂದಿತ್ತು. 2019ರ ಕಾಯ್ದೆ ಅದಕ್ಕೆ ಮೆಟ್ಟಿಲುಗಳನ್ನು ಕಟ್ಟಿತು. ಮೊದಲು ಜಿಲ್ಲಾಧಿಕಾರಿಯಿಂದ ಟ್ರಾನ್ಸ್‌ಜೆಂಡರ್ ಎಂಬ ಗುರುತಿನ ಪ್ರಮಾಣಪತ್ರ. ಗಂಡು ಅಥವಾ ಹೆಣ್ಣು ಎಂದು ಬರೆಸಬೇಕಾದರೆ ಶಸ್ತ್ರಚಿಕಿತ್ಸೆಯ ನಂತರ ಪರಿಷ್ಕೃತ ಪ್ರಮಾಣಪತ್ರ. 2020ರ ನಿಯಮಗಳ ಪ್ರಕಾರ ಮೊದಲನೆಯದನ್ನು 30 ದಿನಗಳಲ್ಲಿ, ಎರಡನೆಯದನ್ನು 15 ದಿನಗಳಲ್ಲಿ ಕೊಡಬೇಕು. ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಶುರುವಾಗುವುದು ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಜನನ ಪ್ರಮಾಣಪತ್ರ, ಅಂಕಪಟ್ಟಿಗಳ ಮೆರವಣಿಗೆ. ಹೊರರಾಜ್ಯದ ಕನ್ನಡಿಗರಿಗೆ ಇದು ಇನ್ನಷ್ಟು ಉದ್ದ. ಹುಟ್ಟು ನೋಂದಣಿ ಹುಬ್ಬಳ್ಳಿಯಲ್ಲಿ, ಹತ್ತನೇ ತರಗತಿ ಮಹಾರಾಷ್ಟ್ರ ಮಂಡಳಿಯಲ್ಲಿ, ಪದವಿ ಚೆನ್ನೈಯಲ್ಲಿ ಆಗಿದ್ದರೆ ಮೂರು ರಾಜ್ಯಗಳ ಮೂರು ಕಚೇರಿಗಳಿಗೆ ಅಲೆಯಬೇಕು. ಐಇಎಲ್‌ಟಿಎಸ್ ಪರೀಕ್ಷೆಗೆ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಬೇಕು. ವಿಶ್ವವಿದ್ಯಾಲಯಕ್ಕೆ ಅಂಕಪಟ್ಟಿಯ ಹೆಸರು ಬೇಕು. ಎರಡೂ ಬೇರೆಯಾದರೆ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಹಿಡಿದು ಸಾಬೀತು ಮಾಡುತ್ತಾ ಕೂರಬೇಕು.

ಜನನ ಪ್ರಮಾಣಪತ್ರದ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಒಂದು ದಾರಿ ತೋರಿಸಿತು. ಸಂಬಂಧಿಸಿದ ಕಾನೂನಿಗೆ ತಿದ್ದುಪಡಿಯಾಗುವವರೆಗೆ, ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಪರಿಷ್ಕೃತ ಪ್ರಮಾಣಪತ್ರ ಕೊಡಬೇಕೆಂದು ಅದು ಹೇಳಿತು. ದಾಖಲೆಗಳ ಸರಪಳಿ ಜೋಡಿಸಲು ಇದು ನಿಜಕ್ಕೂ ಅನುಕೂಲ. ಆದರೆ ಆ ಕಾಗದವನ್ನು ಯಾರ ಮುಂದೆ ಇಟ್ಟರೂ ಅರ್ಜಿದಾರರ ಹಿಂದಿನ ಬದುಕೂ ಜೊತೆಗೇ ತೆರೆದುಕೊಳ್ಳುತ್ತದೆ.

ಇನ್ನು ಹಣದ ಮಾತು. ವಿದೇಶ ವ್ಯಾಸಂಗದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ತಂದೆ ಅಥವಾ ತಾಯಿಯನ್ನು ಸಹ ಅರ್ಜಿದಾರರನ್ನಾಗಿ ಕೇಳುತ್ತವೆ. ಮೊತ್ತ ದೊಡ್ಡದಾದರೆ ಮನೆಯನ್ನೋ ಜಮೀನನ್ನೋ ಅಡವಿಡಬೇಕು. ಮನೆಯಿಂದ ಹೊರಹಾಕಿಸಿಕೊಂಡ ಮಗು ಯಾರ ಸಹಿ ತರಬೇಕು? ಮೀಸಲಾತಿ, ಪಿಂಚಣಿ, ಆಶ್ರಯ ಮನೆಗಳ ಬಗ್ಗೆ ಸರ್ಕಾರಗಳು ಒಂದಷ್ಟು ಮಾತಾಡಿವೆ. ಕರ್ನಾಟಕ 2021ರಲ್ಲೇ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದಿತು. ಆದರೆ ಈ ಸಹಿಯ ಪ್ರಶ್ನೆಯ ಸುತ್ತ ಚರ್ಚೆಯೇ ನಡೆದಿಲ್ಲ.

ಔಷಧದ ಡಬ್ಬಿ

ಆರೋಗ್ಯದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿದೆ: ವಿಮಾನ ಹತ್ತಿದರೆ ಚಿಕಿತ್ಸೆ ಸುಲಭ ಎಂಬುದು. ಬ್ರಿಟನ್‌ಗೆ ಹೋಗುವ ವಿದ್ಯಾರ್ಥಿ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿ ಎನ್‌ಎಚ್‌ಎಸ್ ವ್ಯವಸ್ಥೆಗೆ ಸೇರುತ್ತಾರೆ. ಅಲ್ಲಿನ ಲಿಂಗತ್ವ ಕ್ಲಿನಿಕ್‌ಗಳ ಸರದಿ ವರ್ಷಗಟ್ಟಲೆಯದು. ಒಂದು ವರ್ಷದ ಎಂಎ ಮುಗಿದು ಘಟಿಕೋತ್ಸವವಾದರೂ ಮೊದಲ ಭೇಟಿಯ ಪತ್ರ ಬಂದಿರುವುದಿಲ್ಲ. 2025ರ ಏಪ್ರಿಲ್ 16ರಂದು ಬ್ರಿಟನ್ ಸುಪ್ರೀಂ ಕೋರ್ಟ್, ಸಮಾನತಾ ಕಾಯ್ದೆಯಲ್ಲಿ 'ಮಹಿಳೆ' ಎಂದರೆ ಜೈವಿಕ ಲಿಂಗ ಎಂದು ಒಮ್ಮತದಿಂದ ತೀರ್ಪಿತ್ತಿತು. ತಾರತಮ್ಯದಿಂದ ಟ್ರಾನ್ಸ್‌ಜೆಂಡರ್ ಜನರಿಗಿರುವ ರಕ್ಷಣೆ ಮುಂದುವರಿಯುತ್ತದೆ ಎಂದೂ ಅದೇ ತೀರ್ಪು ಹೇಳಿದೆ. ಆದರೂ ಹಾಸ್ಟೆಲ್, ಶೌಚಾಲಯ, ಜಿಮ್‌ಗಳ ನಿಯಮಗಳು ಮತ್ತೆ ಚರ್ಚೆಗೆ ಬಂದಿವೆ.

ಅಮೆರಿಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. 2025ರ ಜನವರಿ 28ರ ಆದೇಶ ಇಂಥ ಚಿಕಿತ್ಸೆಗೆ ಕೇಂದ್ರದ ನೆರವನ್ನು ತಡೆಯುವಾಗ 'ಮಗು' ಎಂಬುದಕ್ಕೆ ಕೊಟ್ಟ ಅರ್ಥ 19 ವರ್ಷಕ್ಕಿಂತ ಕೆಳಗಿನವರು. ಅಂದರೆ ಪಿಯುಸಿ ಮುಗಿಸಿ ಹೋದ 18ರ ವಿದ್ಯಾರ್ಥಿಯೂ ಅದರಲ್ಲಿ ಸೇರುತ್ತಾರೆ.

ಊರಿನಿಂದಲೇ ಔಷಧ ಒಯ್ಯೋಣ ಎಂದರೆ ಅಲ್ಲೂ ಎಚ್ಚರ ಬೇಕು. ಟ್ರಾನ್ಸ್ ಪುರುಷರು ಬಳಸುವ ಟೆಸ್ಟೊಸ್ಟೆರಾನ್ ಅಮೆರಿಕ, ಬ್ರಿಟನ್ ಎರಡರಲ್ಲೂ ನಿಯಂತ್ರಿತ ಔಷಧ. ವೈದ್ಯರ ಪತ್ರ ಬೇಕು, ಅದರಲ್ಲಿರುವ ಹೆಸರು ಪಾಸ್‌ಪೋರ್ಟ್‌ಗೆ ಹೊಂದಬೇಕು. ಹಳೆಯ ಹೆಸರಿನ ಚೀಟಿ ಇಟ್ಟುಕೊಂಡು ಹೊಸ ಹೆಸರಿನ ಪಾಸ್‌ಪೋರ್ಟ್‌ನಲ್ಲಿ ಹೊರಟರೆ ತಲೆನೋವು ತಪ್ಪದು. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ ಅಥವಾ ವೃಷಣ ತೆಗೆಸಿಕೊಂಡವರು ಹಾರ್ಮೋನ್ ಬಿಟ್ಟುಬಿಟ್ಟರೆ ಮೂಳೆ ಸವೆಯುತ್ತದೆ. ಅವರಿಗೆ ಇದು ಅಲಂಕಾರದ ಔಷಧವಲ್ಲ.

ಹಾಗೆಂದು ಇಲ್ಲೇ ಎಲ್ಲವೂ ಸಿಗುತ್ತದೆಯೇ? ಹೈದರಾಬಾದ್‌ನಲ್ಲಿ 2021ರಲ್ಲಿ ಶುರುವಾದ ಮಿತ್ರ್ ಕ್ಲಿನಿಕ್ ಹಾರ್ಮೋನ್ ಸಲಹೆ, ಎಚ್‌ಐವಿ ತಪಾಸಣೆ, ಆಪ್ತ ಸಮಾಲೋಚನೆಯನ್ನು ಒಂದೇ ಸೂರಿನಡಿ ಕೊಡುತ್ತಿತ್ತು. ನಂತರ ಪುಣೆ ಮತ್ತು ಮುಂಬೈ ಬಳಿಯ ಕಲ್ಯಾಣದಲ್ಲೂ ತೆರೆಯಿತು. ಹಣ ಬರುತ್ತಿದ್ದುದು ಅಮೆರಿಕದ ಯುಎಸ್‌ಏಡ್‌ನಿಂದ. 2025ರ ಆರಂಭದಲ್ಲಿ ಆ ನೆರವು ನಿಂತಿತು, ಮೂರೂ ಬಾಗಿಲು ಮುಚ್ಚಿದವು. ವಾಷಿಂಗ್ಟನ್‌ನ ಒಂದು ನಿರ್ಧಾರ ಅಲ್ಲಿಗೆ ಹೋಗಬಯಸಿದವರನ್ನು ಮಾತ್ರವಲ್ಲ, ಕಲ್ಯಾಣ ಲೋಕಲ್ ಹತ್ತಿ ಕ್ಲಿನಿಕ್‌ಗೆ ಬರುತ್ತಿದ್ದವರನ್ನೂ ತಟ್ಟಿತು. ಹೈದರಾಬಾದ್‌ನದ್ದು ಬಳಿಕ ಟಾಟಾ ಟ್ರಸ್ಟ್ಸ್ ನೆರವಿನಿಂದ ಸಬ್‌ರಂಗ್ ಎಂಬ ಹೆಸರಲ್ಲಿ ಮತ್ತೆ ತೆರೆಯಿತು. ಚೆನ್ನೈನವರಿಗೆ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆಯ ಸೇವೆ ಇದೆ. ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಒಪ್ಪಂದ 2022ರ ಆಗಸ್ಟ್‌ನಲ್ಲೇ ಆಗಿದೆ. ಅದಕ್ಕೂ ಬೇಕಿರುವುದು ಅದೇ ಗುರುತಿನ ಪ್ರಮಾಣಪತ್ರ.

ಬೇರೆ ದೇಶಗಳ ಕಡೆ ಕಣ್ಣು ಹಾಯಿಸುವವರು ಈಗ ಜರ್ಮನಿಯ ಹೆಸರು ಹೇಳುತ್ತಾರೆ. 2024ರ ನವೆಂಬರ್ 1ರಿಂದ ಅಲ್ಲಿ ಸ್ವಂತ ಘೋಷಣೆಯಿಂದಲೇ ಹೆಸರು, ಲಿಂಗದ ನಮೂದು ಬದಲಿಸಬಹುದು. ನವೀಕರಿಸಬಹುದಾದ ವಾಸ ಪರವಾನಗಿ ಹೊಂದಿದ ವಿದೇಶಿಯರಿಗೂ ಅವಕಾಶವಿದೆ. ಆದರೆ ಜರ್ಮನಿ ಬದಲಿಸಿದ್ದರಿಂದ ಭಾರತದ ಪಾಸ್‌ಪೋರ್ಟ್ ಬದಲಾಗದು. ಕರಾವಳಿಯವರಿಗೆ ಪರಿಚಿತವಾದ ಗಲ್ಫ್‌ನ ಮಾತೇ ಬೇರೆ. ಕುವೈತ್‌ನಲ್ಲಿ ಇನ್ನೊಂದು ಲಿಂಗದವರನ್ನು ಅನುಕರಿಸುವುದು ಅಪರಾಧ ಎನ್ನುತ್ತಿದ್ದ ಕಲಮನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2022ರಲ್ಲಿ ರದ್ದುಮಾಡಿತು. ಸಂಬಳ ಎಷ್ಟೇ ಇದ್ದರೂ ಅಲ್ಲಿಗೆ ಹೊರಡುವ ಮುನ್ನ ಎರಡು ಬಾರಿ ಯೋಚಿಸುವ ಸ್ಥಿತಿ ಇನ್ನೂ ಮುಗಿದಿಲ್ಲ.

ವಿದೇಶಿ ವಿಶ್ವವಿದ್ಯಾಲಯಗಳ ಮುಖ್ಯ ಪ್ರವೇಶ ಸೆಪ್ಟೆಂಬರ್‌ನದು. ಪ್ರಮಾಣಪತ್ರ, ಪಾಸ್‌ಪೋರ್ಟ್, ಅಂಕಪಟ್ಟಿ ಈ ಕ್ರಮದಲ್ಲಿ ಒಂದೊಂದಕ್ಕೆ ಒಂದೆರಡು ತಿಂಗಳು ಹಿಡಿದರೂ ಹಿಂದಿನ ದಸರಾ ವೇಳೆಗೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಸೇರಿರಬೇಕು. ಪೋರ್ಟಲ್‌ನಲ್ಲಿ ಅರ್ಜಿ ಸಂಖ್ಯೆ ಬಂದ ದಿನದಿಂದ 30 ದಿನ ಎಣಿಸಿ, ಮೀರಿದರೆ ಲಿಖಿತವಾಗಿ ಕೇಳುವುದಕ್ಕೆ ನಿಯಮದ ಬೆಂಬಲವಿದೆ.