ಬೇಜಾರಿನ ಅಳತೆ

ಉಷ್ಣಮಾಪಕದಲ್ಲಿ 100 ಎಂದು ಕಂಡೊಡನೆ ನೀರು ಕುದಿಯುತ್ತಿದೆಯೆಂದು ಹೇಳಲಾಗದು. ಅದು ಸೆಲ್ಸಿಯಸ್ ಮಾನವೋ ಫ್ಯಾರನ್‌ಹೀಟ್ ಮಾನವೋ ಎಂಬುದನ್ನು ಮೊದಲು ತಿಳಿಯಬೇಕು; ಎರಡನೆಯದಾದರೆ ಅದು ಬರಿಯ ಸಣ್ಣ ಜ್ವರದ ಬಿಸಿ. ಭೌತಶಾಸ್ತ್ರದ ತರಗತಿಯಲ್ಲಿ ನಾವು ಕಲಿಸುವ ಈ ಮೊದಲ ಪಾಠವನ್ನು ಮನಸ್ಸಿನ ಬೇನೆಯನ್ನು ಅಳೆಯುವಾಗ ಮರೆಯುವುದು ಸರಿಯೆ?

'ಬೇಜಾರು' ಎಂಬ ಮಾತನ್ನೇ ತೆಗೆದುಕೊಳ್ಳೋಣ. ಇದರ ಮೂಲ ಪಾರಸಿ ಭಾಷೆ. ಅಲ್ಲಿ ಇದರ ಅರ್ಥ ಜುಗುಪ್ಸೆ, ವಿಮುಖತೆ. ಕನ್ನಡದಲ್ಲಾದರೋ ನೀರಸವಾದ ಪಾಠವೂ ಬೇಜಾರು, ಮನೆಯಲ್ಲಾದ ಸಾವೂ ಬೇಜಾರು. ಮಾತು ಒಂದೇ ಆದರೂ ಮಾನ ಬೇರೆ. ಇರಾನಿನ ಮರಾಘೆ ಪಟ್ಟಣದಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಬೈರನ್ ಗುಡ್ ಅವರು, ಅಲ್ಲಿಯ ಜನ ಹೇಳುವ 'ಹೃದಯದ ಸಂಕಟ'ದಲ್ಲಿ ಎದೆಬಡಿತದೊಡನೆ ಶೋಕವೂ ಸಂಸಾರದ ಚಿಂತೆಯೂ ಬೆರೆತಿರುವುದನ್ನು 1977ರಲ್ಲಿ ತೋರಿಸಿಕೊಟ್ಟರು. 1979ರ ಕ್ರಾಂತಿಯ ಅನಂತರ ಅನೇಕ ಇರಾನಿಯರು ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿಯ ವೈದ್ಯರು ಈ ಮಾತನ್ನು ಅಕ್ಷರಶಃ ಗ್ರಹಿಸಿ ಹೃದಯವನ್ನಷ್ಟೇ ಪರೀಕ್ಷಿಸಿದರೆ ಬೇನೆಯ ಅರ್ಧಭಾಗ ಕಾಣದೆ ಉಳಿಯುತ್ತದೆ.

ಇದಕ್ಕಾಗಿ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಲಂಬಾಣಿ ತಾಂಡಾಗಳಿವೆ. ಅಲ್ಲಿ ಮನೆಯೊಳಗಿನ ನುಡಿ ಲಂಬಾಣಿ, ಸಂತೆಯ ನುಡಿ ಕನ್ನಡ. ಸಂತೆಯಲ್ಲಿ ಕಲಿತ ಕನ್ನಡ ಬೆಲೆ ಕೇಳಲು ಸಾಕು. ಒಡಲ ದುಃಖವನ್ನು ತೋಡಿಕೊಳ್ಳಲು ಸಾಲದು. "ತಲೆನೋವು, ಕೈಕಾಲು ಸೋತುಬರುತ್ತದೆ, ನಿದ್ದೆಯಿಲ್ಲ" ಎಂದಷ್ಟೇ ಹೇಳಿದ ತಾಯಿಗೆ ನೋವಿನ ಮಾತ್ರೆ ದೊರೆತೀತು. ಆದರೆ ಒಳಗಿನ ಖಿನ್ನತೆ ಬೆಳೆಯುತ್ತಲೇ ಹೋದೀತು, ಒಮ್ಮೊಮ್ಮೆ ಪ್ರಾಣಕ್ಕೇ ಎರವಾದೀತು.

ಹೀಗೆ ಮೈನೋವನ್ನು ಮುಂದಿಡುವುದು ಅಜ್ಞಾನದ ಗುರುತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಮ್ ಮತ್ತು ಸಂಗಡಿಗರು 80 ರೋಗಿಗಳನ್ನು ಅಭ್ಯಸಿಸಿ 1996ರಲ್ಲಿ ಪ್ರಕಟಿಸಿದ ಲೇಖನದಂತೆ, ಖಿನ್ನತೆ ಹೆಚ್ಚಿದಷ್ಟೂ ಕಳಂಕದ ಅಂಜಿಕೆ ಹೆಚ್ಚು. ಮೈನೋವಿನ ದೂರಿಗೆ ಆ ಅಂಜಿಕೆ ಕಡಿಮೆ.

"ಮಿದುಳು ಎಲ್ಲರದೂ ಒಂದೇ, ಔಷಧಿಯೂ ಒಂದೇ, ಭಾಷೆಯ ಗೊಡವೆ ಏಕೆ?" ಎಂದು ಕೆಲವರು ಕೇಳಬಹುದು. ಕುದಿಯುವ ನೀರೂ ಎಲ್ಲೆಡೆ ಒಂದೇ. ಆದರೂ ಮಾನವನ್ನರಿಯದವನಿಗೆ ಅದರ ಉಷ್ಣತೆಯನ್ನು ಓದಲಾಗದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಸಂಸ್ಕೃತಿಯ ಕಾರಣದಿಂದ ಭೇದವೆಣಿಸದೆ, ರೋಗಿಗೂ ಮನೆಯವರಿಗೂ ಒಪ್ಪುವ ರೀತಿಯಲ್ಲಿ ಸೇವೆ ದೊರೆಯಬೇಕೆಂದು ವಿಧಿಸಿದೆ. ಇದು ಕಾಗದದಲ್ಲೇ ಉಳಿಯಬಾರದು. ರೋಗಿಗೆ ಕೇಳುವ ಪ್ರಶ್ನಾವಳಿಯನ್ನು ಲಂಬಾಣಿಗೆ ತಿರುಗಿಸಿ, ಅದನ್ನು ಬೇರೊಬ್ಬರಿಂದ ಮರಳಿ ಕನ್ನಡಕ್ಕೆ ತರಿಸಿ, ಅರ್ಥ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಾಪಕವನ್ನು ಒರೆಗೆ ಹಚ್ಚುವುದೆಂದರೆ ಇದೇ. ಮಗನನ್ನೇ ದುಭಾಷಿಯಾಗಿ ನಿಲ್ಲಿಸುವ ರೂಢಿಯೂ ತಪ್ಪಬೇಕು. ಸಾಯಬೇಕೆನಿಸುತ್ತದೆಂದು ಯಾವ ತಾಯಿ ಮಗನೆದುರು ಹೇಳಿಯಾಳು? ಗುಟ್ಟು ಕಾಯಬಲ್ಲ, ತರಬೇತಿ ಪಡೆದ ಲಂಬಾಣಿ ಬಲ್ಲ ಕಾರ್ಯಕರ್ತೆಯರು ತಾಲ್ಲೂಕು ಆಸ್ಪತ್ರೆಗಳಲ್ಲಿ ಬೇಕು.

ತಾಂಡಾಗಳಿಂದ ಕಾಲೇಜಿಗೆ ಬಂದಿರುವ ತರುಣ ತರುಣಿಯರು ಈ ವೃತ್ತಿಯತ್ತ ಗಮನ ಹರಿಸಲೆಂದು ನಮ್ಮ ಆಶಯ. ಎರಡು ಮಾನಗಳನ್ನೂ ಓದಬಲ್ಲವರು ಅವರೇ. ಸದ್ಯಕ್ಕೆ ಎಲ್ಲ ವಾಚಕರೂ ಒಂದು ಸಂಖ್ಯೆಯನ್ನು ನೆನಪಿಡಲಿ: 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಉಚಿತ ದೂರವಾಣಿ 14416.