ಹಳದಿಯ ಬಾರು, ಬಿಳಿಯ ಸಜ್ಜು

ಇಂಗ್ಲೆಂಡಿನ ಒಂದು ಸಾಧಾರಣ ಊರು. ಊರಿನ ನಡುವೆ ಒಂದು ಉದ್ಯಾನ. ಭಾನುವಾರದ ಬೆಳಗಿನ ಹೊತ್ತು. ತಾಯಿಯ ಕೈ ಬಿಡಿಸಿಕೊಂಡ ಐದು ವರ್ಷದ ಪೋರನೊಬ್ಬ ಎದುರಿನಿಂದ ಬರುತ್ತಿರುವ ನಾಯಿಯ ಕಡೆಗೆ ಓಡುತ್ತಾನೆ. ನಾಯಿ ನೋಡುವುದಕ್ಕೆ ಮುದ್ದಾಗಿದೆ. ರೇಷ್ಮೆಯಂಥ ಕೂದಲು, ಜೋಲುಬಿದ್ದ ಕಿವಿ. ಆದರೆ ಅದನ್ನು ಹಿಡಿದಿರುವ ಮಹಿಳೆ ಬಾರನ್ನು ಮೊಟಕು ಮಾಡಿ, ಹಾದಿಯ ಅಂಚಿಗೆ ಸರಿದು, ಗಾಬರಿಯಿಂದ ನಿಂತುಬಿಡುತ್ತಾಳೆ. ‘ಬೇಡ ಮಗು’ ಎಂಬ ಮಾತು ಆಕೆಯ ಬಾಯಿಂದ ಹೊರಡುವುದರೊಳಗೆ ಬಾಲಕನ ಕೈ ನಾಯಿಯ ಮೂತಿಯ ಬಳಿ ಇರುತ್ತದೆ. ಮುಂದಿನ ಒಂದೆರಡು ಕ್ಷಣಗಳಲ್ಲಿ ಏನೂ ನಡೆಯದೆ ಹೋಗಬಹುದು. ಇಲ್ಲವೆ ಮಗುವಿನ ಕೆನ್ನೆಗೆ ಹೊಲಿಗೆ ಬೀಳಬಹುದು, ನಾಯಿಯ ಆಯುಷ್ಯ ಅಲ್ಲಿಗೆ ಮುಗಿಯಬಹುದು. ಆ ನಾಯಿಯ ಬಾರು ಹಳದಿಯ ಬಣ್ಣದ್ದು. ಹಳದಿಯೆಂದರೆ ‘ದಯವಿಟ್ಟು ದೂರವಿರಿ’ ಎಂದರ್ಥ. ಇದನ್ನು ಹುಡುಗನೂ ಅರಿಯ, ಅವನ ತಾಯಿಯೂ ಅರಿಯಳು.

ನಾಯಿಯ ಮೈಮೇಲಿನ ಬಣ್ಣವನ್ನು ಬರಹದಂತೆ ಬಳಸುವ ಪದ್ಧತಿ ಬ್ರಿಟನ್ನಿನಲ್ಲಿ ಕೆಲವು ವರ್ಷಗಳಿಂದ ಬೆಳೆದುಬಂದಿದೆ. ಕೊರಳಪಟ್ಟಿ, ಕೈಯಲ್ಲಿ ಹಿಡಿಯುವ ಬಾರು, ಎದೆಬೆನ್ನುಗಳನ್ನು ಬಳಸಿ ಕಟ್ಟುವ ಸಜ್ಜು, ಇವುಗಳಿಗೆ ಬೀದಿಯ ಸಂಚಾರದೀಪದ ನ್ಯಾಯವನ್ನೇ ವಿಸ್ತರಿಸಿ ಅನ್ವಯಿಸಿದ್ದಾರೆ. ಹಸುರು ತೊಟ್ಟ ನಾಯಿ ಸ್ನೇಹಪರವಾದುದು, ಮಾತನಾಡಿಸಬಹುದು. ಕಿತ್ತಳೆಯ ಬಣ್ಣದ್ದು ಮನುಷ್ಯರನ್ನು ಸಹಿಸೀತು, ಇತರ ನಾಯಿಗಳನ್ನು ಸಹಿಸದು. ಕೆಂಪು ಯಾರೂ ಹತ್ತಿರ ಬರಬಾರದೆಂಬ ಎಚ್ಚರಿಕೆ. ಹಳದಿಯದು ಅಂಜುಬುರುಕ ನಾಯಿ. ನೀಲಿಯದು ಶಿಕ್ಷಣ ಪಡೆಯುತ್ತಿರುವುದೋ ಕೆಲಸದಲ್ಲಿ ತೊಡಗಿರುವುದೋ ಆಗಿದೆ. ಬಿಳಿಯ ಬಾರಿನದು ಕಿವುಡಾದ ಇಲ್ಲವೆ ಕುರುಡಾದ ನಾಯಿ. ಪಟ್ಟಿಯನ್ನು ಓದಿದಾಗ ಎಲ್ಲವೂ ಸುಲಭವೆಂದು ತೋರುತ್ತದೆ.

ಈ ಕಲ್ಪನೆ ಪೂರ್ಣವಾಗಿ ಹೊಸದೇನೂ ಅಲ್ಲ. ಒದೆಯುವ ಚಟವುಳ್ಳ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ನು ಕಟ್ಟಿ ಹಿಂದಿನ ಸವಾರನಿಗೆ ಎಚ್ಚರಿಕೆ ಕೊಡುವ ರೂಢಿ ಇಂಗ್ಲೆಂಡಿನ ಸವಾರರಲ್ಲಿ ಹಳೆಯದು. ಇನ್ನೂ ಪಳಗದ ಎಳೆಯ ಕುದುರೆಗೆ ಹಸುರು ರಿಬ್ಬನ್ನು. ಇಲ್ಲಿಯೇ ತೊಡಕಿನ ಮೊಳಕೆಯನ್ನು ಕಾಣಬಹುದು: ಕುದುರೆಯ ಬಾಲದಲ್ಲಿ ‘ಇದನ್ನು ನಂಬಬೇಡಿ’ ಎನ್ನುವ ಹಸುರು, ನಾಯಿಯ ಕೊರಳಿಗೆ ಬಂದೊಡನೆ ‘ಬನ್ನಿ, ತಲೆ ಸವರಿ’ ಎನ್ನುತ್ತದೆ!

ಎಲ್ಲ ಬಣ್ಣಗಳಲ್ಲಿ ಹೆಚ್ಚು ಪ್ರಚಾರವಾದುದು ಹಳದಿ. 2012ರಲ್ಲಿ ಸ್ವೀಡನ್ನಿನ ಏವಾ ಓಲಿವೆರ್ಸನ್ ಎಂಬಾಕೆ ‘ಗುಲಾಹುಂಡ್’, ಅಂದರೆ ‘ಹಳದಿ ನಾಯಿ’, ಎಂಬ ಹೆಸರಿನಲ್ಲಿ ಈ ಚಳವಳಿಯನ್ನು ಹೂಡಿದಳು. ಅದೇ ವರ್ಷ ಕೆನಡಾದಲ್ಲಿಯೂ ಇದೇ ಹೆಸರಿನ, ಇದೇ ಧ್ಯೇಯದ ಯತ್ನ ಮೊದಲಾಯಿತು. ಬಾರಿಗೆ ಹಳದಿಯ ರಿಬ್ಬನ್ನನ್ನೋ ಕರವಸ್ತ್ರವನ್ನೋ ಕಟ್ಟಿದ ನಾಯಿಗೆ ತುಸು ಜಾಗ ಬಿಟ್ಟುಕೊಡಿ ಎಂಬುದಿಷ್ಟೇ ಇದರ ಸಾರ. ಹಳದಿ ಕಟ್ಟಿದ ನಾಯಿ ಕಚ್ಚುವ ನಾಯಿಯೇ ಆಗಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ಗಾಯ ಮಾಯದಿರಬಹುದು, ಮುಪ್ಪಿನಿಂದ ಕೀಲುಗಳು ನೋಯುತ್ತಿರಬಹುದು, ಹೆಣ್ಣುನಾಯಿ ಬೆದೆಯಲ್ಲಿರಬಹುದು, ಹಿಂದಿನ ಯಜಮಾನನ ಏಟುಗಳನ್ನು ಮರೆಯಲಾರದೆ ಎತ್ತಿದ ಕೈಯನ್ನು ಕಂಡೊಡನೆ ನಡುಗುವ ಬಡಪ್ರಾಣಿಯಾಗಿರಬಹುದು. ಕಾರಣವನ್ನು ದಾರಿಹೋಕರಿಗೆಲ್ಲ ವಿವರಿಸುವ ಸಂಕಟವನ್ನು ರಿಬ್ಬನ್ನು ತಪ್ಪಿಸುತ್ತದೆ. ಇಂತಹ ನಾಯಿಯನ್ನು ಸಾಕಿದವರ ಪಾಡು ಸಾಕದವರಿಗೆ ತಿಳಿಯದು. ಜನರಿಲ್ಲದ ಹೊತ್ತನ್ನು ಹುಡುಕಿ ನಸುಕಿನಲ್ಲಿ ಹೊರಡುವುದು, ಎದುರಿನಿಂದ ಯಾರಾದರೂ ಬಂದರೆ ಬೀದಿ ದಾಟುವುದು, ‘ನನ್ನ ನಾಯಿ ಏನೂ ಮಾಡುವುದಿಲ್ಲ’ ಎಂದು ದೂರದಿಂದಲೇ ಕೂಗುತ್ತ ತನ್ನ ನಾಯಿಯನ್ನು ಬಿಟ್ಟುಕೊಂಡು ಬರುವ ಮಹನೀಯನಿಂದ ತಪ್ಪಿಸಿಕೊಳ್ಳುವುದು, ಇದು ಅವರ ನಿತ್ಯವ್ರತ.

ಆದರೆ ಈ ಲಿಪಿಯನ್ನು ಓದಬಲ್ಲವರು ಎಷ್ಟು ಮಂದಿ? ರಾತ್ರಿಯ ವೇಳೆ ವಾಹನದವರಿಗೆ ಕಾಣಲೆಂದು ಮಿನುಗುವ ಹಳದಿಯ ಸಜ್ಜನ್ನು ಎಷ್ಟೋ ಸಾಧುನಾಯಿಗಳಿಗೆ ತೊಡಿಸುತ್ತಾರೆ. ಅಂಗಡಿಯಲ್ಲಿ ಕೆಂಪು ಚೆಂದ ಕಂಡಿತೆಂದು ಕೊಂಡುತಂದವನ ನಾಯಿ ಹಸುವಿಗಿಂತಲೂ ಮೃದುವಾಗಿರಬಹುದು. ಅಮೆರಿಕದಲ್ಲಿ ಹಳದಿಯ ರಿಬ್ಬನ್ನೆಂದರೆ ಪರದೇಶದಲ್ಲಿರುವ ಸೈನಿಕನ ಹಾದಿ ಕಾಯುವ ಗುರುತೆಂದು ಬಹುಮಂದಿ ಬಲ್ಲರು. ಇನ್ನು ಕಾನೂನು ಈ ಬಣ್ಣಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯಿದೆಯ ಪ್ರಕಾರ ನಾಯಿಯನ್ನು ಹತೋಟಿಯಲ್ಲಿಟ್ಟುಕೊಳ್ಳುವ ಹೊಣೆ ಹಿಡಿದವನದೇ. ಕಚ್ಚಿದ ಮೇಲೆ ‘ಹಳದಿ ಕಟ್ಟಿದ್ದೆನಲ್ಲ’ ಎಂದರೆ ಅವನ ಹೊಣೆ ಕಳೆಯದು. ಹಾಗೆಂದು ರಿಬ್ಬನ್ನು ವ್ಯರ್ಥವೆನ್ನಲಾಗದು. ಹತ್ತು ಮಂದಿಯಲ್ಲಿ ಇಬ್ಬರು ಅರಿತು ಸರಿದು ನಡೆದರೂ ಆ ನಾಯಿಗೆ ಅಂದಿನ ನಡಿಗೆ ಅಷ್ಟರಮಟ್ಟಿಗೆ ಸಲೀಸು. ಉಳಿದ ಎಂಟು ಮಂದಿಯ ಮೇಲೆ ಭರವಸೆಯಿಟ್ಟು ಬಾರನ್ನು ಸಡಿಲ ಬಿಡುವುದು ಮಾತ್ರ ಬುದ್ಧಿವಂತಿಕೆಯಲ್ಲ.

ಈ ಅರಾಜಕತೆಯ ನಡುವೆ ಒಂದು ಬಣ್ಣಕ್ಕೆ ಮಾತ್ರ ನಿಶ್ಚಿತವಾದ ಅರ್ಥವಿದೆ. ಅದು ಮಾರ್ಗದರ್ಶಕ ನಾಯಿಯ ಬಿಳಿಯ ಸಜ್ಜು. ಅದರ ಹಿಂದೆ ಒಂದು ಚರಿತ್ರೆಯಿದೆ.

ಬ್ರಿಸ್ಟಲಿನ ಛಾಯಾಚಿತ್ರಗ್ರಾಹಕ ಜೇಮ್ಸ್ ಬಿಗ್ಸ್ ಅಪಘಾತವೊಂದರಲ್ಲಿ ದೃಷ್ಟಿಯನ್ನು ಕಳೆದುಕೊಂಡಿದ್ದನು. ಮನೆಯ ಸುತ್ತಲಿನ ವಾಹನಗಳ ದಟ್ಟಣೆಗೆ ಹೆದರಿ, ತಾನು ಅವುಗಳನ್ನು ಕಾಣಲಾರದಿದ್ದರೂ ಅವುಗಳನ್ನು ನಡೆಸುವವರು ತನ್ನನ್ನು ಕಾಣಲೆಂದು 1921ರಲ್ಲಿ ಅವನು ತನ್ನ ಊರುಗೋಲಿಗೆ ಬಿಳಿಯ ಬಣ್ಣ ಬಳಿದನು. ಹತ್ತು ವರ್ಷಗಳ ಬಳಿಕ, 1931ರಲ್ಲಿ, ಪ್ಯಾರಿಸ್ಸಿನ ಗಿಯಿ ದೆರ್ಬೆಮೋಂ ಎಂಬ ಮಹಿಳೆ ಅಲ್ಲಿನ ಅಂಧರಿಗೆ ಬಿಳಿಯ ಕೋಲುಗಳನ್ನು ಹಂಚುವ ಕಾರ್ಯವನ್ನು ಕೈಗೊಂಡಳು. ಅಮೆರಿಕದ ಪಿಯೋರಿಯಾ ನಗರದಲ್ಲಿ ಬಿಳಿಗೋಲಿನವರಿಗೆ ದಾರಿ ಬಿಡಬೇಕೆಂಬ ಕಟ್ಟಳೆ 1930ರಲ್ಲಿಯೇ ಆಗಿತ್ತು. ಬಿಳಿ ಹೀಗೆ ಒಂದು ದಶಕದೊಳಗೆ ಮೂರು ದೇಶಗಳಲ್ಲಿ ಒಂದೇ ಮಾತನ್ನು ಆಡತೊಡಗಿತು.

ನಾಯಿಯ ಕಥೆ ಬೇರೆಯಾಗಿ ಹೊರಟು ಈ ಹಾದಿಗೆ ಬಂದು ಕೂಡಿತು. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡೆನ್‌ಬುರ್ಗಿನಲ್ಲಿ ಡಾಕ್ಟರ್ ಗೆರ್ಹಾರ್ಡ್ ಸ್ಟಾಲಿಂಗ್ 1916ರಲ್ಲಿ ಮಾರ್ಗದರ್ಶಕ ನಾಯಿಗಳ ಶಾಲೆಯನ್ನು ತೆರೆದನು. ಬ್ರಿಟನ್ನಿನ ಮೊದಲ ನಾಲ್ಕು ನಾಯಿಗಳು ತಮ್ಮ ಯಜಮಾನರೊಡನೆ ವ್ಯಾಲಸಿ ಎಂಬ ಊರಿನಲ್ಲಿ ಶಿಕ್ಷಣ ಮುಗಿಸಿದುದು 1931ರ ಅಕ್ಟೋಬರಿನಲ್ಲಿ. ಮ್ಯೂರಿಯಲ್ ಕ್ರೂಕ್ ಮತ್ತು ರೋಸಮಂಡ್ ಬಾಂಡ್ ಎಂಬ ಇಬ್ಬರು ಮಹಿಳೆಯರ ಹಟದಿಂದ ಈ ಕಾರ್ಯ ಕೈಗೂಡಿತು. ಆ ನಾಯಿಗಳ ಹೆಸರುಗಳೂ ಉಳಿದುಬಂದಿವೆ: ಜೂಡಿ, ಫ್ಲಾಷ್, ಫಾಲಿ, ಮೆಟಾ. ನಾಲ್ಕೂ ಆಲ್ಸೇಷಿಯನ್ ಜಾತಿಯವು.

ಇಂದು ಬ್ರಿಟನ್ನಿನ ಮಾರ್ಗದರ್ಶಕ ನಾಯಿಯ ಬಿಳಿಯ ಸಜ್ಜಿನಿಂದ ಗಟ್ಟಿಯಾದ ಹಿಡಿಯೊಂದು ಮೇಲೆದ್ದಿರುತ್ತದೆ. ಅಂಧನು ಹಿಡಿಯನ್ನು ಎಡಗೈಯಲ್ಲಿ ಹಿಡಿದನೆಂದರೆ ನಾಯಿಯ ಕೆಲಸ ಆರಂಭವಾಯಿತೆಂದು ಅರ್ಥ. ನಾಯಿ ಬಲಕ್ಕೆ ವಾಲಿದರೆ ಬಲಕ್ಕೆ, ನಿಂತರೆ ಎದುರಿಗೆ ಮೆಟ್ಟಿಲೋ ಹಳ್ಳವೋ ಇದೆಯೆಂಬುದು ಹಿಡಿಯ ಮೂಲಕ ಅಂಗೈಗೆ ತಿಳಿಯುತ್ತದೆ. ಇಂಥ ಹೊತ್ತಿನಲ್ಲಿ ಯಾರೋ ಒಬ್ಬರು ಪ್ರೀತಿಯಿಂದಲೇ ‘ಬಾ ಬಾ’ ಎಂದು ಕರೆದರು, ಬಿಸ್ಕತ್ತಿನ ತುಂಡೊಂದನ್ನು ಚಾಚಿದರು ಎನ್ನೋಣ. ನಾಯಿಯ ತಲೆ ಅತ್ತ ತಿರುಗುತ್ತದೆ. ಆ ಒಂದು ಕ್ಷಣ ಹಿಡಿಯ ಇನ್ನೊಂದು ತುದಿಯಲ್ಲಿರುವವನು ನಿಜವಾಗಿ ಕುರುಡನಾಗುತ್ತಾನೆ. ಅವನ ಮುಂದೆ ಇರುವುದು ಕಾಲುದಾರಿಯ ಅಂಚೋ, ಬಸ್ಸಿನ ಚಕ್ರವೋ ಅವನಿಗೆ ಗೊತ್ತಾಗದು. ಕೆಲಸದಲ್ಲಿರುವ ನಾಯಿಯನ್ನು ಮುಟ್ಟಬಾರದು, ಕರೆಯಬಾರದು, ಉಣಿಸಬಾರದು ಎಂಬ ನಿಯಮ ಬಿಗುಮಾನದಿಂದ ಹುಟ್ಟಿದುದಲ್ಲ. ಸಹಾಯ ಮಾಡಬೇಕೆನಿಸಿದವರು ನಾಯಿಯ ಸಜ್ಜಿಗೆ ಕೈಹಾಕದೆ ಮನುಷ್ಯನನ್ನೇ ಬಾಯಿಬಿಟ್ಟು ಕೇಳಬೇಕು.

ಬಿಳಿಯ ಮೇಲೆ ಕೆಂಪು ಕಂಡರೆ ಅರ್ಥ ಇನ್ನಷ್ಟು ಗಂಭೀರ. ಕೋಲಿನ ಮೇಲೆ ಕೆಂಪು ಪಟ್ಟಿ, ನಾಯಿಯ ಮೇಲೆ ಕೆಂಪು ಬಿಳಿ ಬೆರೆತ ಸಜ್ಜು: ಇವೆರಡೂ ಸಾರುವುದು ಒಂದನ್ನೇ, ಈ ವ್ಯಕ್ತಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಬ್ರಿಟನ್ನಿನ ಹೆದ್ದಾರಿ ಸಂಹಿತೆ ವಾಹನ ಚಾಲಕರಿಗೆ ಇದನ್ನು ಸ್ಪಷ್ಟವಾಗಿ ಹೇಳಿಕೊಟ್ಟಿದೆ. ಚಾಲಕನು ಹಾರ್ನ್ ಬಾರಿಸಿ ಕಾಯುತ್ತ ಕುಳಿತರೆ ಆ ಸದ್ದು ಇಲ್ಲಿ ಯಾರನ್ನೂ ಮುಟ್ಟದು. ನಿಲ್ಲಬೇಕಾದುದು ವಾಹನವೇ.

ಬಿಳಿಯ ಸಜ್ಜಿನ ನಾಯಿ ಸಂಚಾರದೀಪವನ್ನು ನೋಡಿ ಯಜಮಾನನನ್ನು ದಾಟಿಸುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಾಗಲ್ಲ. ದಾಟುವ ಹೊತ್ತನ್ನು ಸದ್ದಿನಿಂದ ಅಳೆದು ನಿರ್ಧರಿಸುವವನು ಮನುಷ್ಯನು. ವಾಹನವೊಂದು ನುಗ್ಗಿ ಬಂದರೆ ಅಪ್ಪಣೆಯನ್ನೂ ಮೀರಿ ನಿಂತುಬಿಡುವುದು ನಾಯಿಯ ಶಿಕ್ಷಣ. ದೀಪದ ಕೆಂಪು ಹಸುರುಗಳನ್ನು ಅದು ಬಣ್ಣದಿಂದ ಬೇರ್ಪಡಿಸಲೂ ಆರದು. ಅಮೆರಿಕದ ನೀಟ್ಸ್, ಗೈಸ್ಟ್, ಜೇಕಬ್ಸ್ ಎಂಬ ವಿಜ್ಞಾನಿಗಳು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ನಾಯಿಯ ಕಣ್ಣಿನಲ್ಲಿ ಬಣ್ಣವನ್ನರಿಯುವ ಕಣಗಳು ಎರಡೇ ಬಗೆಯವೆಂದು ತಿಳಿದುಬಂದಿತು; ಮನುಷ್ಯನಲ್ಲಿ ಅವು ಮೂರು ಬಗೆ. ನೀಲಿ, ಹಳದಿಗಳು ಅದಕ್ಕೆ ಬೇರೆಬೇರೆಯಾಗಿ ಕಾಣುತ್ತವೆ. ಕೆಂಪು, ಹಸುರು, ಕಿತ್ತಳೆಗಳು ಒಂದರಲ್ಲೊಂದು ಕರಗಿಹೋಗುತ್ತವೆ. ಉದ್ಯಾನದಲ್ಲಿ ಎದುರುಬದುರಾದ ಕೆಂಪುಪಟ್ಟಿಯ ನಾಯಿಗೂ ಹಸುರುಪಟ್ಟಿಯ ನಾಯಿಗೂ ತಮ್ಮ ಕೊರಳಿನ ವ್ಯತ್ಯಾಸ ಗೊತ್ತಿಲ್ಲ! ಗೊತ್ತಿರಬೇಕಾದ ಮನುಷ್ಯರಲ್ಲಿಯೂ ಎಲ್ಲರಿಗೂ ಗೊತ್ತಾಗುವುದಿಲ್ಲ. ಯುರೋಪಿನ ಗಂಡಸರಲ್ಲಿ ಸುಮಾರು 12 ಮಂದಿಗೆ ಒಬ್ಬನಿಗೆ ಕೆಂಪು ಹಸುರುಗಳ ಭೇದ ಸರಿಯಾಗಿ ತೋರುವುದಿಲ್ಲ. ಬಾರಿನ ಮೇಲೆ ಬಣ್ಣದ ಜೊತೆಗೆ ದಪ್ಪಕ್ಷರಗಳಲ್ಲಿ ಮಾತನ್ನೂ ಮುದ್ರಿಸುವುದು ಆದುದರಿಂದ ಯುಕ್ತವೇ ಆಗಿದೆ.

ಕಿವುಡರಿಗೆ ಬಾಗಿಲಗಂಟೆ, ಬೆಂಕಿಯ ಎಚ್ಚರಿಕೆ ಮುಂತಾದ ಸದ್ದುಗಳನ್ನು ಮುಟ್ಟಿ ತಿಳಿಸುವ ನಾಯಿಗೆ ಬ್ರಿಟನ್ನಿನಲ್ಲಿ ದ್ರಾಕ್ಷಾಕೆಂಪಿನ ಅಂಗಿ. ಇತರ ಅಂಗವಿಕಲರಿಗೆ ನೆರವಾಗುವ ನಾಯಿಗಳಿಗೆ ಆಯಾ ಸಂಸ್ಥೆಯ ಪ್ರಕಾರ ನೇರಳೆ, ಹಸುರು, ನೀಲಿ. ಇಂಥ ಅಂಗಿಯನ್ನು ತೊಡಿಸಲೇಬೇಕೆಂದು ಅಲ್ಲಿಯ ಕಾನೂನು ವಿಧಿಸಿಲ್ಲ.

ಭಾರತದ ಬೀದಿನಾಯಿಗೆ ಬಾರೂ ಇಲ್ಲ, ಸಜ್ಜೂ ಇಲ್ಲ. ಆದರೂ ಅದು ಒಂದು ಗುರುತನ್ನು ಹೊತ್ತಿದೆ. ಬೆಂಗಳೂರಿನ ಬೀದಿಗಳಲ್ಲಿ ಒಂದು ಕಿವಿಯ ತುದಿ ಕತ್ತರಿಸಿದಂತಿರುವ ನಾಯಿಗಳನ್ನು ಕಂಡವರು ಅದನ್ನು ಯಾವುದೋ ಜಗಳದ ಗಾಯವೆಂದು ಭಾವಿಸುವುದುಂಟು. ಸಂತಾನಹರಣ ಚಿಕಿತ್ಸೆಯಾಗಿ, ಹುಚ್ಚುನಾಯಿ ರೋಗಕ್ಕೆ ಚುಚ್ಚುಮದ್ದು ಹಾಕಿಸಿದ ನಾಯಿಯ ಗುರುತು ಅದು; ಮತ್ತೆ ಅದನ್ನೇ ಹಿಡಿದೊಯ್ಯದಿರಲಿ ಎಂದು ಮಾಡಿದುದು. ಆ ಕಿವಿ ಹೇಳದ ಮಾತೂ ಒಂದಿದೆ. ಚುಚ್ಚುಮದ್ದಿನ ಬಲ ಕಾಲಕಾಲಕ್ಕೆ ನವೀಕರಿಸದೆ ಉಳಿಯದು. ಕಿವಿ ಕತ್ತರಿಸಿದ ನಾಯಿ ಕಚ್ಚಿದರೂ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಲೇಬೇಕು.

ಯಾವ ಬಣ್ಣವೂ ಇಲ್ಲದೆಡೆ ನಾಯಿಯ ಮೈಯನ್ನೇ ಓದಬೇಕಾಗುತ್ತದೆ. ಮುಖ ಅತ್ತ ತಿರುಗಿಸುವುದು, ನಿದ್ದೆಯಿಲ್ಲದೆಯೂ ಆಕಳಿಸುವುದು, ತುಟಿ ನೆಕ್ಕುವುದು, ಇವನ್ನು ನಾರ್ವೆಯ ಟೂರಿಡ್ ರೂಗೋಸ್ ಎಂಬ ತರಬೇತಿಗಾರ್ತಿ ‘ಸಮಾಧಾನದ ಸಂಕೇತ’ಗಳೆಂದು ಕರೆದಿದ್ದಾಳೆ. ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಂಡರೆ, ಬಾಲ ಸೆಟೆದು ನಿಂತರೆ ಹೆಜ್ಜೆ ಹಿಂದಿಡುವುದು ಕ್ಷೇಮ. ಬಾಲ ಆಡಿಸಿದ ನಾಯಿಯೆಲ್ಲ ಸ್ನೇಹದ ನಾಯಿಯೆಂದು ಮಕ್ಕಳಿಗೆ ಹೇಳಿಕೊಡುವುದು ತಪ್ಪು; ಯಜಮಾನನನ್ನು ಮೊದಲು ಕೇಳು, ಅವನು ಒಪ್ಪಿದರೆ ಕೈಯನ್ನು ತಗ್ಗಿಸಿ ನಾಯಿಯೇ ಹತ್ತಿರ ಬರುವವರೆಗೆ ನಿಲ್ಲು ಎಂದು ಹೇಳಿಕೊಡಬೇಕು. ಉದ್ಯಾನದ ಆ ಪೋರನಿಗೆ ಹಳದಿಯ ಅರ್ಥ ತಿಳಿಯದಿದ್ದರೂ ಇಷ್ಟು ತಿಳಿದಿದ್ದರೆ ಆ ಮಹಿಳೆ ಹಾದಿಯ ಅಂಚಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲಬೇಕಾಗಿರಲಿಲ್ಲ.

ದಿನದ ಸುತ್ತಾಟ ಮುಗಿಸಿ ಮನೆಗೆ ಬಂದ ಮಾರ್ಗದರ್ಶಕ ನಾಯಿಯ ಬಿಳಿಯ ಸಜ್ಜನ್ನು ಯಜಮಾನನು ತಡವಿ ಬಿಚ್ಚಿ ಗೋಡೆಯ ಗೂಟಕ್ಕೆ ತೂಗುಹಾಕುತ್ತಾನೆ. ನಾಯಿ ಮೈಯನ್ನೊಮ್ಮೆ ಕೊಡವಿಕೊಂಡು ಅಂಗಳಕ್ಕೆ ಹಾರಿ, ಹುಲ್ಲಿನ ಮೇಲೆ ನಾಲ್ಕು ಕಾಲುಗಳನ್ನೂ ಆಕಾಶಕ್ಕೆ ಎತ್ತಿ ಹೊರಳಾಡುತ್ತದೆ.